ಕೇಳದೆ ಉಳಿಸಿಕೊಂಡ ಹಾಡು

ಕೆಟ್ಟಿರುವುದು ಫೋನು ಎಂದುಕೊಂಡು ಅದನ್ನು ಅಪ್ಪನ ಅಂಗಡಿಗೆ ಒಯ್ದೆ. ಸಿರುಗುಪ್ಪದ ಬಸ್ ನಿಲ್ದಾಣದ ಹತ್ತಿರ ಅಪ್ಪನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ವಾರವಿಡೀ ಅಲ್ಲಿಯ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಊರಿಗೆ ಬರುವುದು ರೂಢಿ. ಆ ಶನಿವಾರ ಮನೆಗೂ ಹೋಗದೆ ನೇರ ಅಂಗಡಿಗೇ ಹೋದೆ.

ಅಪ್ಪ ಸಣ್ಣ ಬ್ರಷ್ಷಿನಿಂದ ಸ್ಪೀಕರಿನ ಜಾಲರಿ ಉಜ್ಜಿ, ಒಮ್ಮೆ ಊದಿ, ಹಾಡೊಂದನ್ನು ಹಚ್ಚಿ ತನ್ನ ಕಿವಿಗೆ ಹಿಡಿದುಕೊಂಡ. ಆಮೇಲೆ ನನ್ನ ಬಲಗಿವಿಗೆ ಹಿಡಿದ.

"ಕೇಳಸ್ತೈತೇನು?"

"ಇಲ್ಲ."

ಎಡಗಿವಿಗೆ ಹಿಡಿದ. ಕೇಳಿಸಿತು. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಆಮೇಲೆ ಫೋನನ್ನು ಗಾಜಿನ ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಫೋನ್ ಚಲೋ ಐತಲ್ಲವಾ ಗಿರಿಜಾ," ಅಂದ.

ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರು. ಅಪ್ಪ ಅವರ ಕಡೆ ತಿರುಗಿದ.

ಸಿರುಗುಪ್ಪದ ಡಾಕ್ಟರು ನೆಗಡಿ ಇಳಿದಿರಬೇಕು ಎಂದು ಕಿವಿಗೆ ಹನಿ ಬರೆದುಕೊಟ್ಟರು. ಅವ್ವ ಬೆಳ್ಳುಳ್ಳಿ ಕಾಸಿದ ಎಣ್ಣೆ ಹಿಡಿದು ಬಂದಾಗ ಅಪ್ಪ "ಹೊಲಿಗಿ ಮಿಷನ್ ಅಂತ ತಿಳ್ಕೊಂಡಿ ಏನು, ಎಣ್ಣಿ ಬಿಡಾಕ?" ಎಂದು ತಡೆದ. ಹನಿ ಮುಗಿಯುವ ಮೊದಲೇ ಎಡಗಿವಿಯೂ ಮಂದವಾಗತೊಡಗಿತು. ಬಳ್ಳಾರಿಯ ಕಿವಿ-ಮೂಗು-ಗಂಟಲು ಡಾಕ್ಟರ ಎದುರು ಕೂತಾಗ ನಾನು ಅವರ ಮಾತಿನ ಅರ್ಧವನ್ನು ಊಹಿಸಿಕೊಳ್ಳುತ್ತಿದ್ದೆ. ಒಳಗಿವಿಯ ತೊಂದರೆ, ನರಕ್ಕೆ ಸಂಬಂಧಿಸಿದ್ದು, ಎರಡೂ ಕಡೆ ಇದೆ, ಮಾತ್ರೆ ಶುರು ಮಾಡೋಣ ಎಂದರು. ಮೊದಲೇ ಬಂದಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟು, ನನ್ನ ಮುಖಕ್ಕೆ ಮುಖ ಕೊಟ್ಟು, "ಹೇಳಾಕ ಬರಂಗಿಲ್ಲಮ್ಮ" ಎಂದರು. ಆಗಬಹುದಿತ್ತು ಎಂದಿದ್ದರೆ ಅಳುತ್ತಿದ್ದೆ, ಆಗುತ್ತಿರಲಿಲ್ಲ ಎಂದಿದ್ದರೆ ಸುಮ್ಮನಾಗುತ್ತಿದ್ದೆ. ಈಗಲೂ ಆ ಎರಡರ ನಡುವೆಯೇ ಇದ್ದೇನೆ.

ಸ್ಟೆರಾಯ್ಡ್ ಮಾತ್ರೆಗಳಿಂದ ಮುಖ ಊದಿತು. ಕಿವಿ ಕೆಲವು ದಿನ ತೆರೆದುಕೊಂಡಂತಾಗಿ, ಕುಕ್ಕರಿನ ಸೀಟಿ, ಗೇಟಿನ ಚಿಲಕ, ಅವ್ವನ ಬಳೆ ಎಲ್ಲ ಮರಳಿ ಬಂದವು. ಮಾತ್ರೆ ಇಳಿಸುತ್ತಾ ಹೋದಂತೆ ಅವೂ ಒಂದೊಂದಾಗಿ ಹೋದವು. ಕಿವಿ ಪರೀಕ್ಷೆಯ ಪೆಟ್ಟಿಗೆಯಂಥ ಕೋಣೆಯಲ್ಲಿ, ಸದ್ದು ಕೇಳಿದಾಗ ಒತ್ತಿರಿ ಎಂದು ಗುಂಡಿ ಕೊಟ್ಟು ಬಾಗಿಲು ಹಾಕುತ್ತಿದ್ದರು. ಗಾಜಿನಾಚೆ ಕೂತ ಹುಡುಗಿಯ ಕೈ ಆಡುತ್ತಿರುವುದು ಕಾಣುತ್ತಿತ್ತು. ಸದ್ದು ಬರುತ್ತಿರಬೇಕು ಎಂದು ತಿಳಿಯುತ್ತಿತ್ತು. ಒತ್ತಿದರೆ ಮೋಸ, ಒತ್ತದಿದ್ದರೆ ಸೋಲು. ನಾನು ಕಣ್ಣು ಮುಚ್ಚಿಕೊಳ್ಳುವುದನ್ನು ಕಲಿತೆ.

ಅವ್ವನ ಚಿಂತೆ ಬೇರೆ ಇತ್ತು. ಗಂಡಿನ ಕಡೆಯವರೊಬ್ಬರು ಬಂದು ಹೋಗಿ, ಮಾತು ಇನ್ನೂ ಮುರಿದಿರಲಿಲ್ಲ. ಎರಡೂ ಕಿವಿಗೆ ಮಿಷನ್ ಹಾಕಬೇಕು ಎಂದು ಗೊತ್ತಾದ ದಿನ ಅವಳು, "ಕೂದ್ಲಾ ಬಿಟ್ಕೊಂಡ್ರ ಕಾಣಂಗಿಲ್ಲ ಬಿಡು," ಅಂದಳು. ನನಗೆ ಕೂದಲು ಬಿಟ್ಟು ಅಭ್ಯಾಸವಿಲ್ಲ. ಜಡೆ ಹಾಕಿಕೊಂಡೇ ಕಾಲೇಜಿಗೆ ಹೋದೆ. ಮೊದಲ ದಿನ ಹುಡುಗರು ನೋಡಿದರು, ಎರಡನೆಯ ದಿನ ನೋಡಲಿಲ್ಲ. ಹಿಂದಿನ ಬೆಂಚಿನ ಒಬ್ಬಳು, ಪ್ರಶ್ನೆ ಕೇಳುವ ಮೊದಲು ಎದ್ದು ನಿಂತು ನಾನು ಅವಳ ಕಡೆ ತಿರುಗುವ ತನಕ ಕಾಯುತ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ಗಂಡಿನ ಕಡೆಯವರು ಮತ್ತೆ ಫೋನು ಮಾಡಲಿಲ್ಲ. ಅದರ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ.

ಹೇಳಬೇಕಾಗಿರುವುದು ಹಾಡುಗಳ ಬಗ್ಗೆ.

ಮೊಬೈಲ್ ಅಂಗಡಿ ಆಗುವ ಮೊದಲು ಅಪ್ಪನದು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ. ಗಿರಾಕಿಗಳು ಖಾಲಿ ಕ್ಯಾಸೆಟ್ ಕೊಟ್ಟು, ತಮಗೆ ಬೇಕಾದ ಹಾಡು ಹೇಳಿ ಹೋಗುತ್ತಿದ್ದರು. ನಮ್ಮದು ಗಡಿಯ ಊರು, ಹೊಳೆ ದಾಟಿದರೆ ಆಂಧ್ರ. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ ಇತ್ತು: ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ತೆಲುಗು. ಗಂಡನಿಗೆ ಒಂದು, ಹೆಂಡತಿಗೆ ಒಂದು ಎಂದು ಅಪ್ಪ ನಗುತ್ತಿದ್ದ. ಶಾಲೆ ಬಿಟ್ಟ ಮೇಲೆ ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು, ಬೇರೆಯವರು ಆರಿಸಿದ ಹಾಡುಗಳನ್ನು ಕೇಳುತ್ತಾ ಬೆಳೆದೆ. ಪಾಠದ ಪದ್ಯಗಳಿಗಿಂತ ಮೊದಲು ಬಾಯಿಗೆ ಬಂದದ್ದು ಅವೇ. ಹಾಡುವವಳಲ್ಲ ನಾನು, ಎಲ್ಲರೆದುರು ಗುನುಗಿದವಳೂ ಅಲ್ಲ. ಆದರೆ ನನ್ನದು ಅಂತ ಏನಾದರೂ ಇದ್ದರೆ ಅದು ಅಷ್ಟೇ ಇತ್ತು.

ಮಿಷನ್ ಬಂದ ಹೊಸದರಲ್ಲಿ, ಕಾಲೇಜಿಗೆ ಮರಳುವ ಮೊದಲು, ಕೆಲವು ದಿನ ರಜೆ ಹಾಕಿ ಊರಲ್ಲಿದ್ದೆ. ಅಪ್ಪ ಅಟ್ಟದಿಂದ ಹಳೆಯ ಟೇಪ್ ಡೆಕ್ ಇಳಿಸಿದ. ಹತ್ತಿಗೆ ಸ್ಪಿರಿಟ್ ಹಚ್ಚಿ ಅದರ ಹೆಡ್ಡು ಒರೆಸಿದ. ಅವನ ಲೆಕ್ಕ ಸರಳ: "ನಿನ್ ಕಿವಿಗಿ ರೂಢಿ ತಪ್ಪೈತಿ. ಗೊತ್ತಿರೋ ಹಾಡು ಕೇಳಿಸಿದ್ರ ತಾನs ದಾರಿ ಹಿಡಿತೈತಿ ನೋಡು." ದಿನಾ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಊಟಕ್ಕೆ ಬಂದವನು, ತಟ್ಟೆ ತೊಳೆದದ್ದೇ ಒಂದು ಕ್ಯಾಸೆಟ್ ಹಾಕುತ್ತಿದ್ದ.

ನನಗೆ ಕೇಳಿಸಿದ್ದು ಹೇಗಿತ್ತೆಂದು ಹೇಳುವುದು ಕಷ್ಟ. ಮಿಷನ್ ಮಾತಿಗಾಗಿ ಮಾಡಿದ್ದು. ಅವ್ವ ಮಾತಾಡಿದರೆ ಅವ್ವನೇ. ಆದರೆ ಹಾಡು ಬಂದರೆ ಹಾಡುವವಳ ಪಕ್ಕದಲ್ಲಿ ಇನ್ನೊಬ್ಬಳು ಕೂತು, ಒಂದು ಮೆಟ್ಟಿಲು ಕೆಳಗಿನಿಂದ, ಅವಳನ್ನೇ ಅಣಕಿಸಿ ಹಾಡುತ್ತಿದ್ದಳು. ಕೊಳಲು ಹರಿದಿತ್ತು. ವೀಣೆ ಪಾತ್ರೆ ಜೋಡಿಸಿದ ಹಾಗಿತ್ತು. ಅಪ್ಪ ಡೆಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಟ್ರೆಬಲ್ ತಿರುಗಿಸಿ, "ಈಗ?" ಅನ್ನುತ್ತಿದ್ದ.

"ಈಗ ಚಲೋ ಐತಿ."

"ಬೇಸ್ ಕಡಿಮಿ ಮಾಡ್ಲೇನು?"

"ಇಷ್ಟs ಇರ್ಲಿ, ಅಪ್ಪಾ."

ಬೇಡ ಎನ್ನಲಾಗಲಿಲ್ಲ. ಅವನಿಗೆ ಗೊತ್ತಿದ್ದ ಚಿಕಿತ್ಸೆ ಅದೊಂದೇ. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆದರೆ ಒಂದು ವಿಷಯ ನಿಧಾನವಾಗಿ ತಿಳಿಯಿತು. ಸಂಜೆ ಒಬ್ಬಳೇ ಕೂತು ಆ ಹಾಡನ್ನು ತಲೆಯಲ್ಲಿ ಮೊದಲಿನಂತೆ ನೆನೆಯಲು ಹೋದರೆ, ಅಲ್ಲಿಯೂ ಆ ಇನ್ನೊಬ್ಬಳು ಬಂದು ಕೂತಿರುತ್ತಿದ್ದಳು. ಇಷ್ಟು ವರ್ಷ ಸರಿಯಾಗಿ ಇಟ್ಟುಕೊಂಡದ್ದರ ಮೇಲೆ ಒಂದೇ ಸಲ ಕೇಳಿದ ಕೆಟ್ಟ ದನಿ ಅಚ್ಚಾಗಿ ಬಿಡುತ್ತಿತ್ತು. ದಿನಕ್ಕೊಂದು ಮಗ್ಗುಲು ಹೀಗೆ ಹೋಯಿತು.

ನಿಲ್ಲಿಸಿದ್ದು ಅವ್ವ. ಅವಳು ಸೊಪ್ಪು ಸೋಸುತ್ತಾ ನನ್ನನ್ನೇ ನೋಡುತ್ತಿದ್ದಳು. "ಆಕಿ ಮಾರಿ ನೋಡ್ರಿ ಒಮ್ಮಿ. ಹಾಡು ಕೇಳೋ ಮಾರಿ ಏನ್ರೀ ಅದು? ಕಷಾಯ ಕುಡಿಯೋ ಮಾರಿ."

ಅಪ್ಪ ತಿರುಗಿ ನೋಡಿ, ಗುಂಡಿ ಒತ್ತಿ ಡೆಕ್ ನಿಲ್ಲಿಸಿದ. ಕ್ಯಾಸೆಟ್ ಹೊರಗೆ ತೆಗೆಯುತ್ತಾ, "ಮೊದ್ಲ ಹೇಳಬಾರದೇನವಾ? ನಾ ಇನ್ನೊಂದ್ ಕ್ಯಾಸೆಟ್ ಹುಡುಕಾಕ್ಹತ್ತಿದ್ದೆ. ನಿನಗ ಭಾಳ ಸೇರ್ತಿತ್ತಲ್ಲ, ಆಕಿ ಬಟ್ಟಿ ಮಡಚೋ ಹಾಡು. ಯಾರೋ ಒಯ್ದು ತಿರುಗಿ ಕೊಟ್ಟಿಲ್ಲ," ಅಂದ.

ಯಾರೋ ತಿರುಗಿ ಕೊಡದೆ ಇದ್ದದ್ದರಿಂದ ಆ ಹಾಡೊಂದು ಉಳಿಯಿತು.

ಹೊಸದಾಗಿ ಮಿಷನ್ ಹಾಕಿಕೊಂಡವರು ಇದನ್ನು ಓದುತ್ತಿದ್ದರೆ, ನನ್ನಲ್ಲಿ ಇರುವ ಸಲಹೆ ಇಷ್ಟೇ. ಮೊದಲು ನಿಮಗೆ ಸೇರದ ಹಾಡುಗಳನ್ನು ಕೇಳಿ ನೋಡಿ. ಪ್ರೀತಿಯವನ್ನು ಮುಟ್ಟಬೇಡಿ. ಎಲ್ಲರಿಗೂ ನನ್ನಂತೆಯೇ ಆಗಬೇಕೆಂದಿಲ್ಲ. ಆದರೂ ಮೊದಲು ಬೇರೆಯವು ಹೋಗಲಿ.

ಆ ಹಾಡು ಒಂದು ಹಳೆಯ ಕಪ್ಪು-ಬಿಳುಪು ಕನ್ನಡ ಸಿನಿಮಾದ್ದು. ಹೆಸರು ಬರೆಯುವುದಿಲ್ಲ. ಬರೆದರೆ ನೀವು ಹುಡುಕಿ ಕೇಳುತ್ತೀರಿ, ಕೇಳಿ ನನಗೆ ಹೇಳುತ್ತೀರಿ. ಗಂಡನ ಮನೆ ಬಿಟ್ಟು ಹೊರಟ ಹೆಂಗಸೊಬ್ಬಳು ಬಟ್ಟೆ ಮಡಚಿ ಟ್ರಂಕಿಗೆ ತುಂಬುತ್ತಿರುತ್ತಾಳೆ. ಅವಳು ಹಾಡುವುದಿಲ್ಲ, ಹಾಡು ಹಿನ್ನೆಲೆಯಿಂದ ಬರುತ್ತದೆ. ಸಿನಿಮಾ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ತೆರೆಯುತ್ತಿರಲಿಲ್ಲ. ಸಿರುಗುಪ್ಪ-ಬಳ್ಳಾರಿ ಬಸ್ಸಿನಲ್ಲಿ ಮಿಷನ್ ತೆಗೆದು ಪರ್ಸಿನಲ್ಲಿಟ್ಟು, ಕಣ್ಣು ಮುಚ್ಚಿ, ಹಾಡನ್ನು ತಲೆಯಲ್ಲಿ ಮೊದಲಿನಿಂದ ಕೊನೆಯ ತನಕ ಓಡಿಸುತ್ತಿದ್ದೆ. ಅಲ್ಲಿ ಗಾಯಕಿ ಇನ್ನೂ ಒಬ್ಬಳೇ ಹಾಡುತ್ತಿದ್ದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮಿಷನ್ ಸರಿಹೊಂದಿಸುವ ವಿಭಾಗದ ಹೊರಗೆ ಉದ್ದನೆಯ ಬೆಂಚುಗಳಿವೆ. ಅಲ್ಲಿ ಕೂತವರಲ್ಲಿ ಯಾರಿಗೂ ನೆಟ್ಟಗೆ ಕೇಳಿಸುವುದಿಲ್ಲ. ಆದರೂ ಸಿಸ್ಟರ್ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾರೆ. ಯಾರೂ ಏಳುವುದಿಲ್ಲ. ಮತ್ತೆ ಕೂಗುತ್ತಾರೆ, ಇಬ್ಬರು ಏಳುತ್ತಾರೆ, ಇಬ್ಬರೂ ತಪ್ಪು. ಒಂದು ದಿನ ನನ್ನ ಪಕ್ಕದ ಹೆಂಗಸು ಮೊಣಕೈಯಿಂದ ತಿವಿದಳು.

"ಗಿರಿಜಾ ಅಂದ್ರ ನೀನೇನು? ಏಳು. ಆಗಿನಿಂದ ಬಾಯಿ ಬಡ್ಕೊಳಾಕ್ಹತ್ತಾಳ."

ಅವಳು ಸಿರಿಗೇರಿಯ ಶಂಕ್ರಮ್ಮ. ಹೊಲದ ಕೂಲಿಗೆ ಹೋಗುವವಳು, ನನಗಿಂತ ಸಾಕಷ್ಟು ದೊಡ್ಡವಳು. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಮಿಷನ್ ಬಂದದ್ದು ಈಗ, ಅದರ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಿದ್ದಳು, ಕನ್ನಡವೂ ತೆಲುಗೂ. ಬೆಂಚಿನ ಆಚೆ ತುದಿಯಲ್ಲಿದ್ದ ನಸ್ರೀನ್ ನಗುತ್ತಾ ಹತ್ತಿರ ಸರಿದಳು. ಅವಳು ಕುರುಗೋಡಿನಿಂದ ದಿನಾ ಬಸ್ಸಿಗೆ ಬಂದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ಮಾಡುತ್ತಿದ್ದಳು. ಅವಳಿಗೆ ಒಂದು ಕಿವಿ ಸಂಪೂರ್ಣ ಹೋಗಿತ್ತು, ಇನ್ನೊಂದು ಚೆನ್ನಾಗಿತ್ತು. "ಅತ್ತಿ ಬೈಯುವಾಗ ಕೆಟ್ಟ ಕಿವಿ ಆ ಕಡಿ ಇಡ್ತೀನಿ," ಎನ್ನುವುದು ಅವಳು ತನ್ನ ಬಗ್ಗೆ ನನಗೆ ಹೇಳಿದ ಮೊದಲ ಮಾತು.

ನಮ್ಮ ಸರದಿ ಮುಗಿದ ಮೇಲೆ ಸಿರಿಗೇರಿಯ ಬಸ್ಸಿಗೆ ಹೊತ್ತಿರುತ್ತಿತ್ತು. ನನ್ನ ಕೋಣೆ ಹತ್ತಿರವೇ. ಚಹಾ ಕುಡಿಯಲು ಬನ್ನಿ ಎಂದೆ. ನಾನು ಹಾಗೆ ಯಾರನ್ನೂ ಕರೆದವಳಲ್ಲ, ಕರೆದ ಮೇಲೆ ಏನು ಮಾತಾಡುವುದೆಂದೂ ಗೊತ್ತಿರಲಿಲ್ಲ. ಅದಕ್ಕೇ ಸಿನಿಮಾ ಹಚ್ಚಿದೆ.

ಮೊದಲು ಶಂಕ್ರಮ್ಮಕ್ಕನ ಸಿನಿಮಾ. ಹುಡುಗಿಯಾಗಿದ್ದಾಗ ಟೆಂಟಿನಲ್ಲಿ ನೋಡಿದ ಒಂದು ತೆಲುಗು ಚಿತ್ರ, ಬೇರೆಬೇರೆಯಾದ ಅಣ್ಣತಮ್ಮಂದಿರದು. ನಾನು ಅನುಕೂಲವಾಗಲೆಂದು ಅದರ ಕನ್ನಡ ಡಬ್ಬಿಂಗ್ ಹುಡುಕಿ ಹಾಕಿದ್ದೆ. ಅವಳು ಸ್ವಲ್ಪ ನೋಡಿ ಮುಖ ಕಿವುಚಿದಳು.

"ಏನ್ಲೇ ಇದು? ಬಾಯಿ ಒಂದು ಹೇಳ್ತೈತಿ, ಮಿಷನ್ನು ಒಂದು ಹೇಳ್ತೈತಿ. ಯಾರ್ ಮಾತು ಕೇಳ್ಲಿ ನಾನು? ತೆಲುಗಿಂದs ಹಾಕು."

ಹಾಕಿದೆ. ಭೇಟಿಗಿಷ್ಟು ಎಂದು, ಎರಡು ಹಾಡು ಒಂದು ಹೊಡೆದಾಟ ನೋಡಿ ನಿಲ್ಲಿಸುತ್ತಿದ್ದೆವು. ಮುಂದಿನ ಭೇಟಿಗೆ ಶಂಕ್ರಮ್ಮಕ್ಕ ಹಿಂದಿನ ಕಥೆ ತಪ್ಪಾಗಿ ನೆನಪಿಟ್ಟುಕೊಂಡು ಬಂದು ಜಗಳ ಆಡುತ್ತಿದ್ದಳು. ಆಮೇಲೆ ನಸ್ರೀನಳ ಹಿಂದಿ ಸಿನಿಮಾ. ಅದರಲ್ಲಿ ನಾಯಕ ಸಾಯುವಾಗ ನಸ್ರೀನ್ ಅತ್ತಳು. ಶಂಕ್ರಮ್ಮಕ್ಕ, "ಸಾಯೋನು ಇಷ್ಟ್ ಮಾತಾಡ್ತಾನೇನು? ಮಾತು ನಿಲ್ಲಿಸಿದ್ರ ಬದುಕ್ತಿದ್ದ," ಅಂದಳು. ಮಿಷನ್ ಬಂದ ಮೇಲೆ ನಾನು ದನಿ ತೆಗೆದು ನಕ್ಕದ್ದು ಅವತ್ತೇ ಮೊದಲು.

ಬೇರೆಯವರ ಸಿನಿಮಾದ ಹಾಡು ಒಡೆದು ಕೇಳಿಸಿದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಅವು ನನಗೆ ಒಡೆದೇ ಸಿಕ್ಕವು.

"ನಮ್ಮವು ಎರಡೂ ಆದ್ವು. ಇನ್ನ ನಿಂದು ತೋರ್ಸು, ಮೇಡಂ," ಅಂದಳು ನಸ್ರೀನ್.

"ನಂದು ಬ್ಯಾಡ."

"ಯಾಕ? ಹೊಲಸ್ ಏನರ ಐತೇನು ಅದ್ರಾಗ?" ಶಂಕ್ರಮ್ಮಕ್ಕ ಕಣ್ಣರಳಿಸಿದಳು.

"ಹಂಗಲ್ಲಕ್ಕಾ."

"ಓದಿದವ್ರ ಸಿನಿಮಾ ಇರ್ತೈತಿ. ನಮಗೆಲ್ಲಿ ತಿಳೀತೈತಿ ಅಂತ," ಅಂದಳು ನಸ್ರೀನ್. ತಮಾಷೆಗೇ ಅಂದದ್ದು, ಆದರೆ ಅಂದು ಮುಗಿಸಿ ಚಹಾದ ಲೋಟದ ಕಡೆ ನೋಡಿದಳು.

ಆಗ ಹೇಳಿದೆ. ಅಪ್ಪನಿಗೂ ನೆಟ್ಟಗೆ ಹೇಳದಿದ್ದುದನ್ನು. ಅದರಲ್ಲಿ ಒಂದು ಹಾಡಿದೆ, ಉಳಿದಿರುವುದು ಅದೊಂದೇ, ಈ ಕಿವಿಯಿಂದ ಕೇಳಿದರೆ ಅದೂ ಹೋಗುತ್ತದೆ ಎಂದು. ನಸ್ರೀನ್ ಲೋಟ ಕೆಳಗಿಟ್ಟಳು. ಶಂಕ್ರಮ್ಮಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದವಳು, ಮಾತು ಮುಗಿದ ಮೇಲೂ ಅಲ್ಲೇ ನೋಡಿದಳು.

"ಹಾಡು ಬಂದಾಗ ಮಿಷನ್ ತಗದ್ ಇಡು. ಅದಕ್ಯಾಕ ಇಷ್ಟ್ ಗೋಳು?"

ಇದು ನನಗೆ ಹೊಳೆದಿರಲಿಲ್ಲ. ಒಬ್ಬಳೇ ನೋಡುವುದಾದರೆ ಮಿಷನ್ ತೆಗೆದು ಸಿನಿಮಾ ನೋಡುವುದಕ್ಕೆ ಅರ್ಥವೇ ಇರಲಿಲ್ಲವಲ್ಲ.

ಮುಂದಿನ ಭೇಟಿಯಲ್ಲಿ ಹಚ್ಚಿದೆ. ಇಬ್ಬರಿಗೂ ಹಿಡಿಸಿತು. ಗಂಡನ ಪಾತ್ರದವನನ್ನು ಶಂಕ್ರಮ್ಮಕ್ಕ ಮೊದಲಿನಿಂದಲೂ ಬೈಯುತ್ತಿದ್ದಳು. ಹೆಂಗಸು ಟ್ರಂಕನ್ನು ಮಂಚದ ಕೆಳಗಿನಿಂದ ಎಳೆಯುವ ದೃಶ್ಯ ಬಂತು. ನಾನು ಎರಡೂ ಮಿಷನ್ ತೆಗೆದು ಡಬ್ಬಿಗೆ ಹಾಕಿದೆ. ಕೋಣೆ ನೀರಿನೊಳಗೆ ಇಳಿದಂತಾಯಿತು. ನಸ್ರೀನ್ ತನ್ನ ಒಳ್ಳೆಯ ಕಿವಿಯನ್ನು ಲ್ಯಾಪ್‌ಟಾಪಿನ ಹತ್ತಿರ ತಂದಳು, ಅವಳ ಮುಖ ಬದಲಾಯಿತು. ಹಾಡು ಶುರುವಾಗಿದೆ ಎಂದು ನನಗೆ ತಿಳಿದದ್ದು ಅವಳ ಮುಖದಿಂದ.

ಶಂಕ್ರಮ್ಮಕ್ಕ ಪರದೆಯತ್ತ ಬೆರಳು ಮಾಡಿ ನನ್ನ ಕಡೆ ತಿರುಗಿದಳು. ಅವಳ ತುಟಿ ನನಗೆ ಓದಲು ಬಂತು: ಬಾಯೇ ಆಡವಲ್ದು, ಹಾಡೆಲ್ಲೈತಿ?

ನಾನೇ ಹಾಡಿದೆ. ದನಿ ಹೊರಗೆ ಬಂತೋ ಇಲ್ಲವೋ ಗೊತ್ತಿಲ್ಲ, ತುಟಿಯನ್ನಂತೂ ದೊಡ್ಡದಾಗಿ ಆಡಿಸಿದೆ. ಒಳಗೆ ಗಾಯಕಿ ಒಬ್ಬಳೇ, ಮೊದಲಿನಂತೆಯೇ, ಒಂದಿಷ್ಟೂ ಕೆಡದೆ ಹಾಡುತ್ತಿದ್ದಳು. ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ, ಇನ್ನೊಂದು ಚರಣ. ಶಂಕ್ರಮ್ಮಕ್ಕ ನನ್ನ ಬಾಯಿಯಿಂದ ಕಣ್ಣು ಕದಲಿಸಲಿಲ್ಲ. ಕೊನೆಯ ಪಲ್ಲವಿ ಮುಗಿಸಿ ನಾನು ನಿಲ್ಲಿಸಿದೆ. ಸಿನಿಮಾದ ಹೆಂಗಸು ಬಾಗಿಲು ದಾಟುವ ಹೊತ್ತು ಅದು.

ಪರದೆಯ ಮೇಲೆ ಅವಳು ಇನ್ನೂ ಬಟ್ಟೆ ಮಡಚುತ್ತಿದ್ದಳು.

ನಸ್ರೀನ್ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಏನೋ ಅಂದಳು. ತಿಳಿಯಲಿಲ್ಲ. ಶಂಕ್ರಮ್ಮಕ್ಕ ಅದನ್ನು ನೋಡಿ, ನನಗಾಗಿ ತುಟಿ ಅಗಲಿಸಿ ಬಿಡಿಬಿಡಿಯಾಗಿ ಹೇಳಿದಳು: ಇನ್ನೂ ಹಾಡ್ತಾಳಂತ. ನೀ ಯಾಕ ನಿಲ್ಲಿಸಿದಿ?

ಇನ್ನೊಂದು ಚರಣ ಇತ್ತು.

ಇರಲೇಬೇಕು. ಅಂಗಡಿಯ ಸ್ಟೂಲಿನ ಮೇಲೆ ಕೂತು ನಾನು ಅದನ್ನು ಎಷ್ಟು ಸಲ ಕೇಳಿದ್ದೆನೋ. ಈಗ ಹುಡುಕಿದರೆ ಒಳಗೆ ಏನೂ ಇರಲಿಲ್ಲ. ಹರಿದದ್ದೂ ಅಲ್ಲ, ಕೆಟ್ಟದ್ದೂ ಅಲ್ಲ, ಬರೀ ಇಲ್ಲ. ಕೆಡಬಾರದು ಎಂದು ಮುಟ್ಟದೆ ಇಟ್ಟಿದ್ದು, ಮುಟ್ಟದೆ ಇದ್ದುದರಿಂದಲೇ ಯಾವಾಗಲೋ ಸವೆದು ಹೋಗಿತ್ತು. ಬಸ್ಸಿನಲ್ಲಿ ಅಷ್ಟು ಸಲ ಓಡಿಸಿದ್ದೆನಲ್ಲ, ಆಗೆಲ್ಲ ನಾನು ಅರೆಹಾಡನ್ನೇ ಪೂರ್ತಿ ಎಂದುಕೊಂಡಿದ್ದೆ.

ಮಿಷನ್ನಿನ ಡಬ್ಬಿ ಕೈಗೆಟಕುವಲ್ಲೇ ಇತ್ತು. ಹಾಕಿಕೊಂಡರೆ ಆ ಚರಣ ಸಿಗುತ್ತಿತ್ತು, ಅಣಕಿಸುವವಳ ಜೊತೆಗೆ. ಉಳಿದ ಎರಡು ಚರಣ ಹೋಗುತ್ತಿದ್ದವು. ಡಬ್ಬಿಯ ಮುಚ್ಚಳ ತೆರೆದೆ. ತೆರೆದು ಹಾಗೇ ಹಿಡಿದುಕೊಂಡು ಕೂತೆ. ಪರದೆಯ ಮೇಲೆ ಹೆಂಗಸು ಕೊನೆಯ ಸೀರೆಯನ್ನು ಎತ್ತಿಕೊಂಡಳು.

ಮುಚ್ಚಳ ಹಾಕಿ ನಸ್ರೀನಳಿಗೆ ಅಂದೆ: "ಏನಂತಾಳ, ನೀನs ಹೇಳು."

ಅವಳು ನಾಚಿದಳು. ಪುಸ್ತಕದ ಕನ್ನಡ ನನಗೆ ಬರಂಗಿಲ್ಲ ಎಂದು ಕೈಯಾಡಿಸಿದಳು. ಶಂಕ್ರಮ್ಮಕ್ಕ ಅವಳ ಬೆನ್ನಿಗೊಂದು ಗುದ್ದಿದಳು. ಆಮೇಲೆ ನಸ್ರೀನ್ ಒಳ್ಳೆಯ ಕಿವಿಯನ್ನು ಪರದೆಗೆ ಕೊಟ್ಟು, ಮುಖವನ್ನು ನಮ್ಮತ್ತ ತಿರುಗಿಸಿ, ಒಂದೊಂದೇ ಸಾಲು ಹೇಳತೊಡಗಿದಳು. ಹತ್ತಿರಕ್ಕೆ ಬಾಗಿದ್ದಳು, ನನ್ನ ಎಡಗಿವಿಗೆ ಅವಳ ದನಿ ಅಷ್ಟಿಷ್ಟು ಮುಟ್ಟುತ್ತಿತ್ತು. ಉಳಿದದ್ದನ್ನು ತುಟಿಯಿಂದ ತೆಗೆದುಕೊಂಡೆ.

"ಕದಾ ಹಾಕಬ್ಯಾಡ ಅಂತಾಳ. ಗಾಳಿಗೂ ಮನಿ ದಾರಿ ಗೊತ್ತೈತಿ ಅಂತಾಳ. ಒಲಿ ಮ್ಯಾಲ ಹಾಲು ಇಟ್ಟೀನಿ, ನೋಡ್ಕೋ ಅಂತಾಳ."

ಶಂಕ್ರಮ್ಮಕ್ಕ ಕಣ್ಣೊರೆಸಿಕೊಂಡು, ಹೋಗೋಳಿಗೆ ಹಾಲಿನ ಚಿಂತೆ ಯಾಕೆ ಬೇಕಿತ್ತು ಎಂದು ಬೈದಳು. ಪರದೆಯಲ್ಲಿ ಹೆಂಗಸು ಬಾಗಿಲು ದಾಟಿದಳು. ನಾನು ಮಿಷನ್ ಹಾಕಿಕೊಂಡೆ. "ತಿರುಗಿ ಒಮ್ಮಿ ಹಾಕ್ಲೇನು?" ಎಂದು ನಸ್ರೀನ್ ಕೇಳಿದಳು. ಬೇಡವೆಂದೆ. ರಾಗ ಹೇಗಿತ್ತೆಂದು ಕೇಳಿದೆ. ಅವಳು ಯೋಚಿಸಿ, "ಚಲೋ ಇತ್ತಕ್ಕಾ. ಹೆಂಗಂತ ಹೇಳ್ಲಿ?" ಅಂದಳು. ಅವತ್ತಿನಿಂದ ಮೇಡಂ ಅನ್ನುವುದನ್ನು ಬಿಟ್ಟಳು.

ಆ ರಾಗ ಮತ್ತೆ ಸಿಗಲಿಲ್ಲ. ಕಿವಿ ಈಗ ಇದ್ದಲ್ಲೇ ಇದೆ, ಇನ್ನು ಇಳಿಯದಿದ್ದರೆ ಸಾಕು ಎಂದು ಡಾಕ್ಟರು ಹೇಳಿದ್ದಾರೆ. ಶನಿವಾರದ ಬಸ್ಸಿನಲ್ಲಿ ಈಗಲೂ ಕಣ್ಣು ಮುಚ್ಚಿ ಹಾಡನ್ನು ಓಡಿಸುತ್ತೇನೆ. ಎರಡು ಚರಣ ಗಾಯಕಿ ಹಾಡುತ್ತಾಳೆ. ಮೂರನೆಯದಕ್ಕೆ ಹಾಡು ನಿಲ್ಲುತ್ತದೆ, ವಾದ್ಯಗಳೂ ನಿಲ್ಲುತ್ತವೆ, ನಸ್ರೀನ್ ಬಾಗಿ ಕೂತು ಕುರುಗೋಡಿನ ಮಾತಿನಲ್ಲಿ ಹೇಳುತ್ತಾಳೆ, ಪ್ರತಿ ಸಾಲಿನ ಕೊನೆಗೂ ಒಂದು "ಅಂತಾಳ" ಸೇರಿಸಿ.